ರಿಪ್ಲೇಸ್ ಆಲ್ ಒತ್ತಿದ ರಾತ್ರಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅಷ್ಟೊತ್ತಿಗೆ ನನಗೆ ಬರುವ ಫೋನುಗಳು ಹೆಚ್ಚಾಗಿ ಅಪಘಾತದವು, ಇಲ್ಲವೇ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾದವು. ಪೆನ್ನು ಹುಡುಕುತ್ತಲೇ ಎತ್ತಿದೆ.

"ಸರ, ನಮ್ಮಪ್ಪನ ಹೆಸರ ನೀವ್ಯಾಕ ಬದಲಿ ಮಾಡೀರಿ?"

ಬನಹಟ್ಟಿ ಕಡೆಯ ಅಕ್ಕ. ಅವರ ತಂದೆ ನಿವೃತ್ತ ಮಾಸ್ತರು. ತೀರಿಕೊಂಡಾಗ ಅವರ ಬಗ್ಗೆ ನಮ್ಮ ವಾರಪತ್ರಿಕೆಗೆ ನಾನೇ ಒಂದು ಸಣ್ಣ ಬರಹ ಬರೆದಿದ್ದೆ. ಪುಣ್ಯತಿಥಿ ದಿನ ಮಕ್ಕಳಿಗೆ ತೋರಿಸೋಣ ಎಂದು ಅಕ್ಕ ಮೊಬೈಲ್‌ನಲ್ಲಿ ಅದನ್ನು ತೆಗೆದಿದ್ದಾರೆ. ಮಾಸ್ತರ ಅಡ್ಡಹೆಸರು ಬಿಜಾಪುರ. ಅಲ್ಲಿ ನೋಡಿದರೆ ವಿಜಯಪುರ ಎಂದಿದೆ. ಫೋಟೊ ಇದ್ದ ಜಾಗದಲ್ಲಿ ಬರೀ ಖಾಲಿ ಚೌಕ.

"ಸರಕಾರ ಊರಿನ ಹೆಸರ ಬದಲಿ ಮಾಡೇತ್ರಿ. ನಮ್ಮ ಮನಿತನದ ಹೆಸರ ಬದಲಿ ಮಾಡಂತ ನಿಮಗ್ಯಾರ ಹೇಳಿದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದಿನ ವಾರ ರಾತ್ರಿ ಹನ್ನೊಂದಕ್ಕೆ ಜಮಖಂಡಿಯ ನನ್ನ ಕೋಣೆಯಲ್ಲಿ ಕುಳಿತು ಆ ಹೆಸರು ಬದಲಿಸಿದವನು ನಾನೇ. ಯಾರೂ ಹೇಳಿರಲಿಲ್ಲ.

ಕಥೆ ಇಷ್ಟು. ಪತ್ರಕರ್ತಿಕೆ ಡಿಪ್ಲೊಮಾದಲ್ಲಿ ಸ್ವಲ್ಪ ಕಂಪ್ಯೂಟರ್ ಕಲಿತದ್ದಕ್ಕೆ ಪತ್ರಿಕೆಯ ವೆಬ್‌ಸೈಟ್ ಕೂಡ ನನ್ನ ಕೊರಳಿಗೆ ಬಿದ್ದಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ವರ್ಷಗಟ್ಟಲೆ ಸುದ್ದಿ ಅದರಲ್ಲಿದೆ. ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡಿದ್ದು. ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಎಲ್ಲ ಊರುಗಳ ಹೆಸರನ್ನೂ ಒಂದೇ ರೀತಿ ಮಾಡಿಬಿಡೋಣ ಎಂದುಕೊಂಡೆ.

2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಹೆಸರು ಬದಲಾದದ್ದು ನಿಮಗೆ ನೆನಪಿರಬಹುದು. ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ ಇವನ್ನೆಲ್ಲ ಕನ್ನಡದಲ್ಲಿ ನಾವು ಮೊದಲಿನಿಂದ ಹಾಗೇ ಬರೆಯುತ್ತಿದ್ದೆವು. ಬದಲಾದದ್ದು ಇಂಗ್ಲಿಷ್ ಕಾಗುಣಿತ. ಕನ್ನಡ ಪತ್ರಿಕೆಗೆ ನಿಜವಾಗಿ ಬದಲಾದವು ಎರಡೇ: ಬಿಜಾಪುರ ವಿಜಯಪುರ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು. ಎರಡು ಹೆಸರು ತಾನೆ? ಇಡೀ ಸೈಟಿನ ಫೈಲುಗಳನ್ನು ಒಟ್ಟಿಗೆ ತೆರೆದು 'ರಿಪ್ಲೇಸ್ ಆಲ್' ಒತ್ತಿದೆ. ಕನ್ನಡದಲ್ಲೊಮ್ಮೆ, ಇಂಗ್ಲಿಷ್‌ನಲ್ಲೊಮ್ಮೆ. ಎರಡು ನಿಮಿಷದ ಕೆಲಸ. ಹಾಯಾಗಿ ಮಲಗಿದೆ.

ಅಕ್ಕನ ಫೋನ್ ಬಂದ ಮೇಲೆ ಒಂದೊಂದೇ ಪುಟ ತೆರೆದು ನೋಡಿದೆ. ಎದೆ ಧಸಕ್ಕೆಂದಿತು.

ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಬಿಜಾಪುರ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಎಂಬ ಅಡ್ಡಹೆಸರಿನವರು ಪ್ರತಿ ಊರಲ್ಲೂ ಸಿಗುತ್ತಾರೆ. ಕಂಪ್ಯೂಟರ್‌ಗೆ ಊರು ಯಾವುದು, ಮನುಷ್ಯ ಯಾರು ಎಂಬುದು ಹೇಗೆ ಗೊತ್ತಾಗಬೇಕು? ಬಿಜಾಪುರ ಮನೆತನದವರೆಲ್ಲ ಒಂದೇ ರಾತ್ರಿಯಲ್ಲಿ ವಿಜಯಪುರದವರಾಗಿದ್ದರು.

ಛತ್ತೀಸಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. ಅಲ್ಲಿ ಕರ್ತವ್ಯದಲ್ಲಿದ್ದ ನಮ್ಮ ಭಾಗದ ಯೋಧನ ಸುದ್ದಿಯಲ್ಲಿ 'ಛತ್ತೀಸಗಢದ ವಿಜಯಪುರ' ಎಂದಾಗಿತ್ತು. 1997ರಲ್ಲಿ ಬಿಜಾಪುರ ಜಿಲ್ಲೆಯನ್ನು ಒಡೆದು ನಮ್ಮ ಬಾಗಲಕೋಟೆ ಜಿಲ್ಲೆ ಮಾಡಿದರು ಎಂಬ ವಾಕ್ಯದಲ್ಲೂ ವಿಜಯಪುರ ಬಂದು ಕೂತಿತ್ತು. ಆ ವರ್ಷ ಆ ಹೆಸರಿನ ಜಿಲ್ಲೆಯೇ ಇರಲಿಲ್ಲ. ನಮ್ಮ ಹಿರಿಯರ ಹಳೆಯ ಕಾಗದಗಳಲ್ಲಿ ಇವತ್ತಿಗೂ 'ಜಿಲ್ಲಾ ಬಿಜಾಪುರ' ಎಂದೇ ಇದೆ.

ಗುಲ್ಬರ್ಗಾದ್ದು ಇನ್ನೊಂದು ಫಜೀತಿ. 'ಗುಲ್ಬರ್ಗಾದಲ್ಲಿ' ಎಂಬುದು 'ಕಲಬುರಗಿದಲ್ಲಿ' ಆಗಿತ್ತು. ಆಗಬೇಕಾದದ್ದು 'ಕಲಬುರಗಿಯಲ್ಲಿ'. ಇಂಗ್ಲಿಷ್‌ನಲ್ಲಿ ಊರಿನ ಹೆಸರು ಒಂಟಿಯಾಗಿ ನಿಲ್ಲುತ್ತದೆ. ಕನ್ನಡದಲ್ಲಿ ದಲ್ಲಿ, ಕ್ಕೆ, ದಿಂದ ಎಲ್ಲ ಹೆಸರಿಗೇ ಅಂಟಿಕೊಳ್ಳುತ್ತವೆ. ಹೆಸರಿನ ಕೊನೆ ಬದಲಾದರೆ ಅಂಟಿದ್ದೂ ಬದಲಾಗಬೇಕು.

ಎಲ್ಲಕ್ಕಿಂತ ನಗೆಪಾಟಲಾದದ್ದು ನಮ್ಮದೇ ಹೊಸ ತಾಲ್ಲೂಕು. ಹಳೆಯ ಸುದ್ದಿಗಳಲ್ಲಿ ಬರೀ 'ರಬಕವಿ' ಎಂದಿರುತ್ತದೆಂದು ಅದನ್ನು 'ರಬಕವಿ-ಬನಹಟ್ಟಿ' ಮಾಡಲು ಹೇಳಿದ್ದೆ. ಮೊದಲೇ ಸರಿಯಾಗಿದ್ದ ಕಡೆಯೆಲ್ಲ 'ರಬಕವಿ-ಬನಹಟ್ಟಿ-ಬನಹಟ್ಟಿ' ಆಗಿತ್ತು.

ನನ್ನ ಜೊತೆ ಶಾಲೆ ಕಲಿತ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಹಚ್ಚಿದೆ. ಅವನು ಕೇಳಿದ ಮೊದಲ ಮಾತು: "ಹಳೇ ಪ್ರತಿ ಐತೇನ್ಲೇ?"

ಪುಣ್ಯಕ್ಕೆ ಒಂದು ಪೆನ್‌ಡ್ರೈವ್‌ನಲ್ಲಿ ಹತ್ತು ದಿನದ ಹಿಂದಿನ ಪ್ರತಿ ಇತ್ತು.

"ಸಾವಿರಾರು ಫೈಲ್ ಇರೂ ಪ್ರೋಗ್ರಾಮಿನ್ಯಾಗ ಒಂದ ಹೆಸರ ಬದಲಿ ಮಾಡಬೇಕಂದ್ರ ನಾವು ಮೊದಲ ಹುಡುಕತೀವಿ, ಎಣಿಸತೀವಿ, ಆಮ್ಯಾಲ ಮುಟ್ಟತೀವಿ. ನೀ ಮೊದಲ ಮುಟ್ಟೀದಿ," ಎಂದು ನಕ್ಕ.

ಫೋಟೊ ಯಾಕೆ ಹೋದವು ಎಂಬುದನ್ನೂ ಅವನೇ ಹೇಳಿದ. ಮಾಸ್ತರ ಫೋಟೊ ಫೈಲಿಗೆ ಅವರ ಅಡ್ಡಹೆಸರನ್ನೇ ಇಂಗ್ಲಿಷ್‌ನಲ್ಲಿ ಇಟ್ಟಿದ್ದೆ. ಪುಟದಲ್ಲಿದ್ದ ವಿಳಾಸ ಬದಲಾಯಿತು, ಫೈಲಿನ ಹೆಸರು ಹಾಗೇ ಉಳಿಯಿತು. ಪೋಸ್ಟ್‌ಮನ್ ಪುಸ್ತಕದಲ್ಲಿ ಮನೆ ನಂಬರ್ ಬದಲಿಸಿ, ಬಾಗಿಲ ಮೇಲಿನ ನಂಬರ್ ಹಾಗೇ ಬಿಟ್ಟಂತೆ.

"ಮಂದಿ ಓದೂ ಹೆಸರ ಬ್ಯಾರೆ, ಮಷಿನ್ ಗುರ್ತ ಹಿಡಿಯೂ ಹೆಸರ ಬ್ಯಾರೆ. ಎರಡನ್ನೂ ಕಲಸಬ್ಯಾಡ."

ರೈಲ್ವೆಯವರನ್ನು ನೋಡಿ. ಹುಬ್ಬಳ್ಳಿ ನಿಲ್ದಾಣಕ್ಕೆ 2020ರಲ್ಲಿ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಟ್ಟರು. ಫಲಕ ಹೊಸದಾಯಿತು. ಆದರೆ ಟಿಕೆಟ್ ಮೇಲಿನ ಕೋಡ್ ಇವತ್ತಿಗೂ ಹಳೆಯ ಯುಬಿಎಲ್. ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರು ಬಂದ ಮೇಲೂ ಕೋಡ್ ಎಸ್‌ಬಿಸಿಯೇ. ಆ ಕೋಡ್ ನಂಬಿಕೊಂಡು ನಡೆಯುವ ಕೆಲಸ ಎಷ್ಟೋ ಇರುತ್ತದೆ. ಫಲಕ ಬದಲಿಸುವುದು ಸುಲಭ, ಕೋಡ್ ಬದಲಿಸುವುದು ಹಾಗಲ್ಲ.

ಹಳೇ ಪ್ರತಿ ವಾಪಸ್ ಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಹೆಸರು ಎಷ್ಟು ಕಡೆ ಇದೆ ಎಂದು ಮೊದಲು ಹುಡುಕಿ ಬರೆದೆ. ಅಲ್ಲಿ ಇನ್ನೊಂದು ವಿಚಿತ್ರ ಕಂಡಿತು. 'ಮುಧೋಳ' ಎಂದು ಹುಡುಕಿದರೆ, ಕಣ್ಣಿಗೆ ಕಾಣುವ ಮುಧೋಳವೇ ಕೆಲವು ಪುಟಗಳಲ್ಲಿ ಸಿಗುತ್ತಿರಲಿಲ್ಲ. ಬೀಳಗಿಯದೂ ಅದೇ ಕಥೆ. ಜಮಖಂಡಿ ಮಾತ್ರ ಎಲ್ಲ ಕಡೆ ಸಿಗುತ್ತಿತ್ತು.

ಕಾರಣ ಇದು. ನಾವು ಮೊಬೈಲ್‌ನಲ್ಲಿ ಬರೆಯುವ ಕನ್ನಡ ಯೂನಿಕೋಡ್. ಅದರಲ್ಲಿ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತ ಗುರುತಿಗೂ ಒಂದು ಸಂಖ್ಯೆ ಇದೆ. 'ಧೋ' ಬರೆಯಲು ಓತ್ವವನ್ನು ಒಂದೇ ಗುರುತಾಗಿ ಇಡಬಹುದು. ಇಲ್ಲವೇ ಮೂರು ಚೂರುಗಳಾಗಿ ಜೋಡಿಸಬಹುದು. 'ಬೀ' ಕೂಡ ಹಾಗೇ, ಗುಡಿಸು ಮತ್ತು ದೀರ್ಘ ಎಂದು ಎರಡು ಚೂರು. ಪರದೆ ಮೇಲೆ ಎರಡೂ ಒಂದೇ, ಒಳಗಿನ ಸಂಖ್ಯೆ ಬೇರೆ. ಹಳೆಯ ನುಡಿ ಅಕ್ಷರದಿಂದ ಯೂನಿಕೋಡ್‌ಗೆ ತಂದ ನಮ್ಮ ಪುಟಗಳಲ್ಲಿ ಈ ಚೂರುಗಳು ಉಳಿದಿದ್ದವು. ಚೂರುಗಳನ್ನೆಲ್ಲ ಮೊದಲು ಒಂದಾಗಿಸಿದ ಮೇಲೆ ಎಲ್ಲ ಮುಧೋಳವೂ ಸಿಕ್ಕವು.

ಗೆಳೆಯ ಯೂನಿಕೋಡ್‌ನ ಇನ್ನೊಂದು ಸಂಗತಿ ಹೇಳಿದ. ಹಳಗನ್ನಡದಲ್ಲಿ ೞ ಎಂಬ ಅಕ್ಷರ ಇತ್ತು. ಮಳೆ ಆಗ ಮೞೆ, ಬಾಳೆ ಆಗ ಬಾೞೆ. ಯೂನಿಕೋಡ್ ಪಟ್ಟಿಯಲ್ಲಿ ಆ ಅಕ್ಷರಕ್ಕೆ ಇಂಗ್ಲಿಷ್‌ನಲ್ಲಿ ತಪ್ಪಾಗಿ 'ಕನ್ನಡ ಲೆಟರ್ ಫಾ' ಎಂದು ಹೆಸರಿಟ್ಟರು. ತಪ್ಪು ಗೊತ್ತಾದ ಮೇಲೂ ಹೆಸರು ತೆಗೆಯಲಿಲ್ಲ, ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಅದರ ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಬರೆದಿಟ್ಟರು. ನಮ್ಮ ಕಡೆ ಕಾಗದದಲ್ಲಿ 'ಉರ್ಫ್' ಎಂದು ಬರೆಯುತ್ತಾರಲ್ಲ, ಹಾಗೆ.

ಆ ಉರ್ಫ್ ನನಗೆ ದಾರಿ ತೋರಿಸಿತು. 2014ರ ನವೆಂಬರ್‌ಗಿಂತ ಹಿಂದಿನ ಸುದ್ದಿಗಳಲ್ಲಿ ಬಿಜಾಪುರವನ್ನು ಬಿಜಾಪುರವಾಗಿಯೇ ಬಿಟ್ಟೆ. ಹುಡುಕುವ ಪಟ್ಟಿಯಲ್ಲಿ ಮಾತ್ರ 'ವಿಜಯಪುರ ಉರ್ಫ್ ಬಿಜಾಪುರ' ಎಂದು ಸೇರಿಸಿದೆ. ಯಾವ ಹೆಸರು ಹಾಕಿದರೂ ಎರಡೂ ಬರುತ್ತವೆ. ಕವಿ ರನ್ನನ ಬರಹದಲ್ಲಿದ್ದ ಮುದುವೊಳಲನ್ನೂ ಮುಟ್ಟಲಿಲ್ಲ. ಅದೇ ಇವತ್ತಿನ ಮುಧೋಳ ಎಂದು ಪಟ್ಟಿಗೆ ಹಾಕಿದೆ. ಮನುಷ್ಯರ ಅಡ್ಡಹೆಸರು ಬಂದ ಕಡೆಯೆಲ್ಲ ನಿಂತು ಓದಿದೆ. ಎರಡು ನಿಮಿಷದ ಕೆಲಸಕ್ಕೆ ಹನ್ನೊಂದು ರಾತ್ರಿ ಹಿಡಿಯಿತು.

ಎಲ್ಲ ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ತಪ್ಪಾತ್ರಿ ಅಕ್ಕಾರ, ಈಗ ನೋಡ್ರಿ."

ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಹೇಳಿದರು: "ಫೋಟೊ ಬಂದೈತ್ರಿ. ನಂದ ಆಧಾರಿನ್ಯಾಗ ಒಂದ ಹೆಸರ, ರೇಷನ್ ಕಾರ್ಡಿನ್ಯಾಗ ಒಂದ ಹೆಸರ, ಶಾಲಿ ದಾಖಲೇದಾಗ ಇನ್ನೊಂದ. ಅದನ್ನ ತಿದ್ದಸಾಕ ಅಡ್ಡ್ಯಾಡಿ ಸಾಕಾಗೇತಿ. ಅಪ್ಪಂದರ ಒಂದ ಕಡೆ ಸರಿ ಇರ್ಲಿ ಅಂತ ಫೋನ್ ಹಚ್ಚಿದ್ನಿ, ಸಿಟ್ಟಿಗೇನಲ್ಲ."

ಅವರ ಕಾಗದಗಳನ್ನು ಸರಿಮಾಡುವುದು ನನ್ನ ಕೈಯಲ್ಲಿಲ್ಲ. ಆದರೆ ಹನ್ನೊಂದು ರಾತ್ರಿ ಕಲಿತದ್ದನ್ನು ಹೇಳಿದೆ. ನೀವೂ ಮಾಡಿ. ಒಂದು ಕಾಗದದಲ್ಲಿ ಹೆಸರು ತಿದ್ದಿಸುವ ಮುಂಚೆ, ನಿಮ್ಮ ಹೆಸರಿರುವ ಕಾಗದಗಳನ್ನೆಲ್ಲ ಹೊರತೆಗೆಯಿರಿ. ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಶಾಲಾ ದಾಖಲೆ, ಯಾವುದರಲ್ಲಿ ಹೇಗಿದೆ ಎಂದು ಅಕ್ಷರ ಅಕ್ಷರ ನೋಡಿ ಒಂದು ಹಾಳೆಯಲ್ಲಿ ಬರೆಯಿರಿ. ಯಾವುದಕ್ಕೆ ಯಾವುದನ್ನು ಹೊಂದಿಸಬೇಕು ಎಂದು ತೀರ್ಮಾನಿಸಿ, ಆಮೇಲೆ ಅರ್ಜಿ ಹಾಕಿ. ಒಂದನ್ನು ತಿದ್ದಿಸಿ ಉಳಿದದ್ದನ್ನು ಬಿಟ್ಟರೆ, ಮೊದಲು ಹೊಂದುತ್ತಿದ್ದ ಎರಡು ಕಾಗದಗಳೂ ಹೊಂದದೆ ಹೋಗಬಹುದು. ಹಳೆಯ ಹೆಸರಿನ ಕಾಗದವನ್ನು ಮಾತ್ರ ಎಂದೂ ಒಗೆಯಬೇಡಿ.

ನಮ್ಮ ಹಳೆಯ ಸುದ್ದಿಗಳಲ್ಲಿ ನಿಮ್ಮ ಮನೆಯವರ ಹೆಸರು ಇನ್ನೂ ಎಲ್ಲಾದರೂ ತಪ್ಪಾಗಿ ಕಂಡರೆ ನನಗೆ ಫೋನ್ ಮಾಡಿ. ಬೆಳಿಗ್ಗೆ ಏಳೂವರೆಗಾದರೂ ಸರಿ.