ಕಪಾಟಿನ ನೆಗೆಟಿವ್‌ಗೆ ತಕ್ಕ ಸ್ಕ್ಯಾನರ್

ಚಿಕ್ಕಪ್ಪನ ಸ್ಟುಡಿಯೋದಲ್ಲಿ ಕಪ್ಪು-ಬಿಳುಪಿನ ಕಾಲದ ಕೆಲಸವೆಲ್ಲ ಒಂದೇ ಸೂರಿನಡಿ ಮುಗಿಯುತ್ತಿತ್ತು. ಡೆವಲಪರ್, ಹೈಪೋ, ಕಿಟಕಿ ಪಕ್ಕ ಕೂತು ಟಚಿಂಗ್, ಕೊನೆಗೆ ಎನ್‌ಲಾರ್ಜರ್. ಮುಖದ ಮೇಲೆ ಸಿಡುಬಿನ ಗುಳಿಯಿದ್ದರೆ ನೆಗೆಟಿವ್‌ನಲ್ಲಿ ಆ ನೆರಳು ತಿಳಿಯಾಗಿ ಕಾಣುತ್ತದೆ. ಅಲ್ಲಿ ಚೂಪಾದ ಪೆನ್ಸಿಲಿನಿಂದ ಸೀಸ ತುಂಬಿದರೆ ಪ್ರಿಂಟಿನಲ್ಲಿ ಕೆನ್ನೆ ನಯ. ಊರಿನ ಎಷ್ಟು ಮದುವೆಗಳು ಆ ಪೆನ್ಸಿಲಿನ ದಯೆಯಿಂದ ಕುದುರಿದವೋ!

ಕಲರ್ ಬಂದಮೇಲೆ ರೀಲುಗಳು ಬಸ್ಸು ಹತ್ತಿ ಬೆಂಗಳೂರಿನ ಲ್ಯಾಬಿಗೆ ಹೋದವು. ಡಾರ್ಕ್ ರೂಮು ಗೋಡೌನಾಯಿತು. ಡಿಜಿಟಲ್ ಬಂದಾಗ ರೀಲೂ ಹೋಯಿತು. ಉಳಿದದ್ದು ಕಪಾಟು ತುಂಬ ನೆಗೆಟಿವ್ ಲಕೋಟೆಗಳು. ರದ್ದಿಗೆ ಹಾಕೋಣವೆಂದರೆ ಚಿಕ್ಕಪ್ಪ ಒಪ್ಪಲಿಲ್ಲ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು: “ನಮ್ಮಜ್ಜಂದು ಇರೋದು ಒಂದೇ ಫೋಟೋ ಸ್ವಾಮಿ, ನಿಮ್ಮಲ್ಲೇ ತೆಗೆಸಿದ್ದಂತೆ, ಸಿಗುತ್ತಾ?”

ಅಂಗಡಿಯಲ್ಲಿದ್ದ ಜೆರಾಕ್ಸ್ ಸ್ಕ್ಯಾನರ್ ಇದಕ್ಕೆ ಆಗದು. ಅದು ಕಾಗದದಿಂದ ಮರಳುವ ಬೆಳಕನ್ನು ಓದುತ್ತದೆ. ಫಿಲಂಗೆ ಬೆಳಕು ಆರಪಾರ ಹಾಯಬೇಕು, ಮುಚ್ಚಳದಲ್ಲೂ ದೀಪವಿರಬೇಕು. ಬಲ್ಲವರೆಲ್ಲ ನಿಕಾನ್ ಕೂಲ್‌ಸ್ಕ್ಯಾನ್ ಅಂದರು. ಇಂಚಿಗೆ 4000 ಚುಕ್ಕೆ ಓದುವ ಯಂತ್ರ, ನಿಜಕ್ಕೂ ಒಳ್ಳೆಯದು. ಆದರೆ ಅಷ್ಟರಲ್ಲಿ ಅದರ ತಯಾರಿಕೆಯೇ ನಿಂತಿತ್ತು. ಕೈ ಬದಲಾದ 5000 ಮಾಡೆಲ್ ಸಿಕ್ಕರೂ ಅದು 35 ಮಿಮೀ ಫಿಲಂಗೆ ಮಾತ್ರ. ನಮ್ಮ ಕಪಾಟಿನಲ್ಲಿದ್ದದ್ದು ಬಹುಪಾಲು 120 ರೀಲಿನ ಚೌಕ ನೆಗೆಟಿವ್.

ಹಾಗಾಗಿ ಎಪ್ಸನ್ ವಿ600 ಬಂತು. ಡಬ್ಬದ ಮೇಲೆ 6400 ಎಂದಿತ್ತು. ಅದರ ಅರ್ಧದಷ್ಟು ವಿವರವೂ ಫಿಲಂನಿಂದ ಹೊರಡುವುದಿಲ್ಲ. ನಾನು ಲೆಕ್ಕ ಹಾಕಿದ್ದು 1600 ಹಿಡಿದು. 36 ಮಿಮೀ ಅಗಲದ ಸಣ್ಣ ಫ್ರೇಮಿಗೆ ಅಡ್ಡಡ್ಡ 2,268 ಚುಕ್ಕೆ ಸಿಗುತ್ತದೆ, ಅಂಚೆಕಾರ್ಡಿನಳತೆಗೆ ಸರಿ. 56 ಮಿಮೀ ಚೌಕಕ್ಕಾದರೆ 3,500 ದಾಟುತ್ತದೆ, ಹನ್ನೆರಡು ಇಂಚಿನ ಗೋಡೆಪಟಕ್ಕೆ ಧಾರಾಳ. ಕಲರ್ 35 ಮಿಮೀ ಮದುವೆ ರೀಲುಗಳೇ ಹೆಚ್ಚಿದ್ದವರು ಇದನ್ನು ಕೊಳ್ಳುವುದು ದಂಡ ಎಂದೇ ನನ್ನ ಅಭಿಪ್ರಾಯ.

ಧೂಳು, ಗೀರು ತಾನೇ ಅಳಿಸುವ ‘ಡಿಜಿಟಲ್ ಐಸ್’ ಬಗ್ಗೆ ಮಾರುವವನು ಬಹಳ ಹೇಳಿದ್ದ. ಅದು ಇನ್ಫ್ರಾರೆಡ್ ಬೆಳಕಿನ ಕೆಲಸ. ಕಲರ್ ಫಿಲಂನ ಬಣ್ಣಗಳ ಮೂಲಕ ಆ ಬೆಳಕು ಹಾದುಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿಯೂ ತಡೆಯುತ್ತದೆ. ಯಂತ್ರಕ್ಕೆ ಅಜ್ಜನ ಮೀಸೆಯೂ ಧೂಳೇ. ಆ ಗುಂಡಿ ಆರಿಸಿ, ಬ್ಲೋವರ್, ಮೆತ್ತನೆ ಬ್ರಷ್ಷು ಹಿಡಿದದ್ದಾಯಿತು. ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕೆ ಒರೆಸುವುದು. ದೊಡ್ಡದು ಮಾಡಿ ನೋಡಿದರೆ ಕೆನ್ನೆಗಳ ಮೇಲೆ ಚಿಕ್ಕಪ್ಪನ ಪೆನ್ಸಿಲ್ ಗೆರೆಗಳು ಬಿಳಿಬಿಳಿಯಾಗಿ ಕಂಡವು. ಅವನ್ನು ಒರೆಸಬೇಡ ಅಂದರು, ಒರೆಸಿದರೆ ಸಿಡುಬು ವಾಪಸ್.

ಈಗಿನ ಹುಡುಗರು ಲೈಟ್ ಪ್ಯಾಡ್ ಮೇಲೆ ನೆಗೆಟಿವ್ ಇಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ಕ್ಲಿಕ್ ಮಾಡುತ್ತಾರೆ. ವೇಗ ನಮಗಿಂತ ಎಷ್ಟೋ ಹೆಚ್ಚು. ಧೂಳಿನ ಕೆಲಸ ಅವರಿಗೂ ತಪ್ಪಿಲ್ಲ. ಚಿಕ್ಕಪ್ಪ ದರ ಹೇಳುವಾಗ ಸ್ಕ್ಯಾನಿಗೆ ಇಷ್ಟು, ಕ್ಲೀನಿಂಗಿಗೆ ಅದರ ಎರಡರಷ್ಟು ಅನ್ನುತ್ತಾರೆ. ಗಿರಾಕಿಗಳು ಚೌಕಾಸಿಗೆ ಇಳಿಯುವುದು ಎರಡನೆಯದಕ್ಕೇ.