ಎತ್ತಿಡುವುದು

ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು 'ಎತ್ತಿಡು'. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಮಾತೊಂದು ಕಿವಿಗೆ ಬಿದ್ದರೆ ಅದನ್ನು ಬಿಡಿಸಿ ನೋಡುವ ಚಾಳಿ ನನಗುಂಟು. ಈ ಪುಟ್ಟ ಮಾತಿನೊಳಗೆ ಎರಡು ಕೆಲಸಗಳಿವೆ. ಎತ್ತುವುದು ಒಂದು, ಇಡುವುದು ಇನ್ನೊಂದು. ಎತ್ತುವುದಕ್ಕೆ ಕೈ ಇದ್ದರೆ ಸಾಕು. ಇಡುವುದಕ್ಕೆ ಜಾಗ ಬೇಕು. ಮಕ್ಕಳು ಆಟದ ಸಾಮಾನು ಎತ್ತಿಡುವುದಿಲ್ಲವೆಂದು ದೂರುವವರಲ್ಲಿ ಬಹುಮಂದಿ ಆ ಎರಡನೆಯ ಕೆಲಸಕ್ಕೆ ಹಿರಿಯರು ಮಾಡಿಕೊಡಬೇಕಾದ ಏರ್ಪಾಟನ್ನು ನೆನೆಯುವುದೇ ಇಲ್ಲ.

ತ್ಯಾಮಗೊಂಡ್ಲಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಗೋಡೆಗೆ ಅಮ್ಮನ ಮಂಚ, ಎದುರಿಗೆ ಹಿತ್ತಿಲ ಬಾಗಿಲು. ಅಮ್ಮನಿಗೆ ಎಪ್ಪತ್ತೆಂಟು. ಗ್ಲಾಕೋಮಾದಿಂದ ದೃಷ್ಟಿ ಮುಕ್ಕಾಲು ಪಾಲು ಹೋಗಿದೆ. ಹೋದದ್ದು ಮರಳಿ ಬರುವುದಿಲ್ಲ. ಮಂಚದಿಂದ ಹಿತ್ತಿಲ ಬಾಗಿಲಿಗೆ ಹನ್ನೊಂದು ಹೆಜ್ಜೆ. ಅದನ್ನು ಎಣಿಸಿಕೊಂಡು ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಾಳೆ. ಅದೊಂದು ಆಕೆಯ ಅಭಿಮಾನ.

ಆ ಹನ್ನೊಂದು ಹೆಜ್ಜೆಯ ಹಾದಿಯೇ ನನ್ನ ಮಕ್ಕಳ ಆಟದ ಬಯಲು. ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ಚನ್ನಪಟ್ಟಣದ ಬುಗುರಿಯನ್ನು ನೀವು ಕೈಯಲ್ಲಿ ಹಿಡಿದು ನೋಡಿದ್ದೀರಷ್ಟೆ? ಹಗುರವಾದ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿದು ಏರಿಸುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆ ನುಣುಪು ಕಣ್ಣಿಗೆ ಹಬ್ಬ. ಕಾಲಡಿಗೆ ಸಿಕ್ಕಿತೆಂದರೆ ಕಣ್ಣಿದ್ದವರೂ ಮಗುಚಿ ಬೀಳಬೇಕು. ಎಪ್ಪತ್ತೆಂಟರಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಎಷ್ಟು ಮಂದಿಗೆ ಸಾಧ್ಯ? ಹೀಗಾಗಿ ನಮ್ಮಲ್ಲಿ ಎತ್ತಿಡುವುದು ಮನೆಯ ಅಂದಚೆಂದದ ಪ್ರಶ್ನೆಯಾಗಿ ಉಳಿಯಲಿಲ್ಲ.

ಲೋಕರೂಢಿಯಲ್ಲಿ ಇದಕ್ಕೆ ಎರಡು ಉಪಾಯಗಳಿವೆ: ಗದರಿಕೆ ಮತ್ತು ಲಂಚ. ಗದರಿಕೆಯ ಫಲ ದನಿ ಆರುವವರೆಗೆ ಮಾತ್ರ. ಲಂಚದ ಫಲ ಇನ್ನೂ ವಿಚಿತ್ರ. ಮೊದಲ ದಿನ ಒಂದು ಕಡಲೆಮಿಠಾಯಿಗೆ ಒಪ್ಪಿದ ಮಗು ಮೂರನೆಯ ದಿನ ಎರಡು ಕೇಳುತ್ತದೆ. ತಿಂಗಳೊಪ್ಪತ್ತಿನಲ್ಲಿ ಆಟಕ್ಕಿಂತ ವ್ಯಾಪಾರದಲ್ಲಿ ನಿಪುಣವಾಗುತ್ತದೆ.

ವೈದ್ಯೆ ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದಾಗ, ಸಾಮಾನು ಹಂಚುವುದೂ ಎತ್ತಿಡುವುದೂ ಉಪಾಧ್ಯಾಯಿನಿಯ ಕೆಲಸವಾಗಿತ್ತು. ಆಕೆ ಎತ್ತಿಡಲು ಹೊರಟಾಗ ಮಕ್ಕಳು ಬೆನ್ನುಹತ್ತಿ ಬರುತ್ತಿದ್ದರಂತೆ. ಗದರಿಸಿ ಕೂರಿಸಿದರೂ ಮತ್ತೆ ಬರುತ್ತಿದ್ದರು. ಅವರಿಗೆ ಬೇಕಾಗಿದ್ದುದು ಸಾಮಾನನ್ನು ತಾವೇ ಅದರ ಜಾಗದಲ್ಲಿಡುವುದು ಎಂದು ಮಾಂಟೆಸೊರಿ ಕಂಡುಕೊಂಡರು. ಬೀರು ಹೋಗಿ, ಮಕ್ಕಳ ಕೈಗೆಟಕುವ ತಗ್ಗಿನ ತೆರೆದ ಗೂಡುಗಳು ಬಂದವು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಆಕೆ ಮಹಾಯುದ್ಧದ ದೆಸೆಯಿಂದ 1946ರವರೆಗೆ ಈ ದೇಶದಲ್ಲೇ ಉಳಿದು, ಸಾವಿರಕ್ಕೂ ಹೆಚ್ಚು ಮಂದಿ ಉಪಾಧ್ಯಾಯರಿಗೆ ಈ ಪಾಠವನ್ನು ಹೇಳಿಕೊಟ್ಟರು.

ಆದರೆ ಇದೇ ಪಾಠ ನಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲೂ ಇತ್ತು. ದಸರೆಯ ಗೊಂಬೆಗಳನ್ನು ಕೂರಿಸುವ ಸಂಭ್ರಮವನ್ನು ಎಲ್ಲರೂ ಬಲ್ಲರು. ಅವನ್ನು ಎತ್ತಿಡುವ ಸಂಭ್ರಮವನ್ನು ಕಂಡವರು ಕಡಮೆ. ವಿಜಯದಶಮಿಯ ರಾತ್ರಿ ಆರತಿ ಮಾಡಿ ಪಟ್ಟದ ಗೊಂಬೆಯನ್ನು ಮಲಗಿಸುತ್ತೇವೆ. ಮರುದಿನ ಅಮ್ಮ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಮಕ್ಕಳು ಒಂದೊಂದನ್ನೇ ತಂದು ಕೈಗೆ ಕೊಡಬೇಕು. ಆಕೆ ಬೆರಳಾಡಿಸಿ, "ಇವನು ಶೆಟ್ಟಿ, ಹೊಟ್ಟೆ ನೋಡು ಮಗಾ. ಇವನಿಗೆ ಹಸಿರು ಸೀರೆಯ ಚೂರು ತಾ" ಎನ್ನುತ್ತಾಳೆ. ಪ್ರತಿಯೊಂದಕ್ಕೂ ಅದರದೇ ಬಟ್ಟೆ, ಅದರದೇ ಮೂಲೆ. ಭಾರದ ಗೊಂಬೆ ಕೆಳಗೆ, ಮಣ್ಣಿನದು ಮೇಲೆ. ತಿರುವುಮುರುವಾದರೆ ಮುಂದಿನ ವರ್ಷಕ್ಕೆ ರಾಣಿಗೆ ತಲೆ ಇರುವುದಿಲ್ಲ. ಅಂದು ಮಕ್ಕಳಿಗೆ ಗದರಿಕೆಯೂ ಇಲ್ಲ, ಮಿಠಾಯಿಯೂ ಇಲ್ಲ. ಆದರೂ ನಾಲ್ಕು ವರ್ಷದವನು ಎರಡು ಗಂಟೆ ಅಲ್ಲಾಡದೆ ದುಡಿಯುತ್ತಾನೆ.

ಆ ಒಂದು ದಿನದ ಪದ್ಧತಿಯನ್ನು ನನ್ನಾಕೆ ವರ್ಷದ ಉಳಿದ ದಿನಗಳಿಗೂ ತಂದಳು. ಹೆಚ್ಚಿನ ಸಾಮಾನು ಅಟ್ಟಕ್ಕೆ ಹೋಯಿತು. ಕೆಳಗುಳಿದದ್ದಕ್ಕೆ ಮೂರು ಬಿದಿರಿನ ಬುಟ್ಟಿ: ಉರುಳುವುದಕ್ಕೆ ಒಂದು, ಜೋಡಿಸುವುದಕ್ಕೆ ಒಂದು, ಅಡುಗೆಯಾಟದ ಪಾತ್ರೆಗೆ ಒಂದು. ದೀಪ ಹಚ್ಚುವುದಕ್ಕೆ ಮೊದಲು ನಮ್ಮಲ್ಲೊಬ್ಬರು ಮಕ್ಕಳ ಜತೆ ನೆಲಕ್ಕೆ ಕೂರಬೇಕೆಂಬುದು ಕರಾರು. ಕುರ್ಚಿಯಿಂದ ಹೇಳಿದ 'ಎತ್ತಿಡು' ಅಪ್ಪಣೆಯಾಗುತ್ತದೆ. ನೆಲದ ಮೇಲೆ ಕೂತು "ಕೆಂಪು ನಿನಗೆ, ಹಸಿರು ನನಗೆ" ಎಂದರೆ ಅದೂ ಒಂದು ಆಟ.

ಅಳಗುಳಿಮಣೆಯ ತನಿಖೆ ಮಾತ್ರ ಅಮ್ಮನದು. ಗುಳಿಗೆ ಐದರಂತೆ ಹದಿನಾಲ್ಕು ಗುಳಿಗೆ 70 ಹುಣಸೆಬೀಜ. ಮಗಳು ಎಣಿಸಿ ಒಪ್ಪಿಸಬೇಕು. ಮೊನ್ನೆ 69 ಆಯಿತು. "ಹೋಗಲಿ ಬಿಡೇ, ಒಂದು ಬೀಜ" ಎಂದಳು ಅಮ್ಮ. ಹುಡುಗ ಬಿಡಲಿಲ್ಲ. ಮಂಚದಡಿಗೆ ತೂರಿ, ಮೈಯೆಲ್ಲ ಧೂಳು ಮಾಡಿಕೊಂಡು ಹೊರಬಂದವನು, "ನಿನ್ನ ಏಳನೇ ಹೆಜ್ಜೆಯಲ್ಲಿತ್ತು, ಅಜ್ಜಿ" ಎಂದ.

ಅಜ್ಜಿಯ ಹೆಜ್ಜೆಗಳನ್ನು ಅವನು ಎಂದು ಎಣಿಸಿಟ್ಟುಕೊಂಡನೋ! ನಾವು ಯಾರೂ ಕಲಿಸಿರಲಿಲ್ಲ. ಮಕ್ಕಳು ಬೆಳೆಯುತ್ತಾರೆ, ಬುಟ್ಟಿಗಳು ಒಂದು ದಿನ ಬೆಳ್ಳುಳ್ಳಿ ತುಂಬುವುದಕ್ಕೆ ಅಡುಗೆಮನೆ ಸೇರುತ್ತವೆ. ತನ್ನ ಆಟ ಮುಗಿದ ಮೇಲೆ ಇನ್ನೊಬ್ಬರು ನಡೆಯುವುದಕ್ಕೆ ನೆಲ ಬಿಟ್ಟುಕೊಡಬೇಕೆಂಬ ತಿಳಿವೊಂದು ಅವರಲ್ಲಿ ಉಳಿದರೆ ನನಗೆ ಅಷ್ಟು ಸಾಕು.