ಹಗ್ಗದ ಈ ತುದಿ

ಬೊಗಳೋ ನಾಯಿ ಕಚ್ಚಲ್ಲ ಅಂತ ಗಾದೆ ಐತೆ. ಈ ಗಾದೆ ಕಟ್ಟಿದವರು ಕೊಂಬೈ ನಾಯಿ ಸಾಕಿದವರಲ್ಲ ಅಂತ ನನಗೆ ಅನ್ನಿಸ್ತದೆ. ಅದು ಬೊಗಳೋದೂ ಉಂಟು, ಕಚ್ಚೋದೂ ಉಂಟು, ಕೆಲವು ಸಲ ಬೊಗಳದೇನೇ ಕಚ್ಚೋದೂ ಉಂಟು. ಮನುಷ್ಯರ ಮೇಲೆ ಬೀಳೋ ನಾಯಿ ಬಗ್ಗೆ ಎಲ್ಲರೂ ಮಾತಾಡ್ತಾರೆ. ಬೇರೆ ನಾಯಿ ಕಂಡ ಕೂಡಲೇ ಅದರ ಮೇಲೆ ಬೀಳೋ ನಾಯಿ ಬಗ್ಗೆ ಮಾತೇ ಇಲ್ಲ. "ನಾಯಿ ನಾಯಿ ಕಚ್ಚಾಡ್ಕೊಳ್ತಾವೆ, ಬಿಡು" ಅಂದು ಮುಂದೆ ಹೋಗ್ತಾರೆ. ವಾಚನಾಲಯದ ಹುಡುಗರು ಬಂದು, "ಅಯ್ಯಾ, ನಿಮಗೆ ಗೊತ್ತಿರೋದು ಏನಾದರೂ ಬರೆದುಕೊಡಿ" ಅಂದಾಗ, ಹಾಡು ಬಿಟ್ಟರೆ ನನಗೆ ನಾಲ್ಕು ವರ್ಷದಿಂದ ದಿನಾ ಕೈಯಲ್ಲಿ ಹಿಡಿದು ಗೊತ್ತಿರೋದು ಇದೊಂದೇ ಅನ್ನಿಸಿತು.

ನಾನು ಕಂಬಂ ಕಣಿವೆಯ ಒಕ್ಕಲಿಗ. ದ್ರಾಕ್ಷಿ ಚಪ್ಪರ, ಸ್ವಲ್ಪ ತೆಂಗು, ಎರಡು ಹಸು. ಮನೆ ಮಾತು ಕನ್ನಡ, ಏಳನೇ ಕ್ಲಾಸಿನವರೆಗೆ ಓದಿದ್ದು ತಮಿಳು. ಕನ್ನಡ ಅಕ್ಷರವನ್ನ ವಯಸ್ಸಾದ ಮೇಲೆ ಕೂಡಿಸಿ ಕೂಡಿಸಿ ಕಲಿತೆ. ಅದಕ್ಕೂ ಮುಂಚೆ ನನ್ನ ಕನ್ನಡವೆಲ್ಲ ಹಾಡಿನಲ್ಲೇ ಇತ್ತು: ದನದ ಪದ, ಕೋಲಾಟದ ಪದ, ಮದುವೆ ಮನೆ ಸೋಬಾನೆ. ನಮ್ಮ ಹಿರೀಕರು ಕನ್ನಡ ಸೀಮೆಯಿಂದ ದನ ಹೊಡ್ಕೊಂಡು ಈ ಕಡೆ ಬಂದರು ಅಂತ ಹೇಳ್ತಾರೆ. ದನ ಬಂದ ಕಡೆ ನಾಯಿ ಬರದೇ ಇರ್ತದಾ?

ಕೊಂಬೈ ಅನ್ನೋದು ನಮ್ಮ ತೇನಿ ಜಿಲ್ಲೆ ಉತ್ತಮಪಾಳಯಂ ತಾಲೂಕಿನ ಒಂದು ಊರು. ಆ ಊರ ಹೆಸರೇ ನಾಯಿಗೂ ಬಂದಿದೆ. ಕೆಂಪು ಮೈ, ಕರೀ ಮೂತಿ, ಗಟ್ಟಿ ದವಡೆ. ಕಾಡುಹಂದಿ ತಡೆಯೋಕೆ, ತೋಟ ಕಾಯೋಕೆ ಸಾಕಿದ ತಳಿ. ರಾಜಪಾಳಯಂ, ಚಿಪ್ಪಿಪಾರೈ, ಕನ್ನಿ ಅಂತ ಈ ಕಡೆ ಇನ್ನೂ ತಳಿಗಳುಂಟು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ನಮ್ಮ ದೇಶದ ನಾಯಿಗಳನ್ನ ಸಾಕಿ ಅಂತ ಹೇಳುವಾಗ ಮುಧೋಳದ ಜೊತೆಗೆ ಕೊಂಬೈ ಹೆಸರನ್ನೂ ಹೇಳಿದರು. ಅದಾದ ಮೇಲೆ ಮರಿ ಕೇಳ್ಕೊಂಡು ಪಟ್ಟಣದಿಂದ ಬರೋರನ್ನ ನಾನೇ ಕಂಡಿದ್ದೀನಿ. ಮರಿ ಮುದ್ದಾಗಿರ್ತದೆ. ಹಂದಿಗೆ ಎದುರು ನಿಲ್ಲೋ ರಕ್ತ ಅದರೊಳಗೆ ಐತೆ ಅನ್ನೋದು ವರ್ಷ ತುಂಬಿದ ಮೇಲೆ ಗೊತ್ತಾಗ್ತದೆ.

ಆ ರಕ್ತವನ್ನ ಬೈಯೋಕಾಗಲ್ಲ. ಮಂಡ್ಯ ಜಿಲ್ಲೆ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ಕಲ್ಲು ನಿಲ್ಲಿಸಿದರು. ಗಂಗರ ಬೂತುಗನ ಹತ್ತಿರ ಮಣಲೇರ ಅನ್ನೋ ವೀರ ಕಾಳಿ ಅನ್ನೋ ನಾಯಿಯನ್ನ ಬಹುಮಾನವಾಗಿ ಕೇಳಿ ಪಡೆದ. ಆ ಕಾಳಿ ಒಂದು ದೊಡ್ಡ ಹಂದಿ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ವೀರಗಲ್ಲು ಹಾಕಿಸಿದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿ ಐತೆ. ಹಂದಿ ಮುಂದೆ ತೋರಿಸಿದರೆ ವೀರ ಅನ್ನಿಸಿಕೊಳ್ಳೋ ಗುಣವನ್ನೇ ಬೀದಿಯಲ್ಲಿ ಬಡಪಾಯಿ ನಾಯಿ ಮುಂದೆ ತೋರಿಸಿದರೆ ಪುಂಡ ಅಂತೀವಿ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಅನ್ನೋ ಬುದ್ಧಿ ನಾಯಿಗಿಲ್ಲ. ಅದು ಹಗ್ಗದ ಈ ತುದಿಯಲ್ಲಿರೋ ಮನುಷ್ಯನಿಗೆ ಇರಬೇಕು.

ನನ್ನ ನಾಯಿ ಕೆಂಚ ಮರಿಯಾಗಿ ನನ್ನ ಹತ್ತಿರ ಬಂದಿದ್ದಲ್ಲ. ನನ್ನ ತಮ್ಮನ ಮಗ ಸಾಕಿದ್ದ. ಅವನು ತಿರುಪ್ಪೂರಿಗೆ ಕೆಲಸಕ್ಕೆ ಹೊರಡೋ ಹೊತ್ತಿಗೆ ಕೆಂಚನಿಗೆ ಮೂರು ವರ್ಷ. ಅಷ್ಟರೊಳಗೆ ಬೀದಿಯ ಎರಡು ನಾಯಿಗಳನ್ನ ಸೀಳಿ ಹಾಕಿದ್ದ, ಮೂರನೇದು ಸತ್ತೇಹೋಯಿತು. ಸತ್ತಿದ್ದು ಆಡು ಮೇಯಿಸಿ ಬದುಕೋ ಒಬ್ಬ ಅಜ್ಜಿಯ ನಾಯಿ. ಅವಳ ಒಂಟಿ ಗುಡಿಸಲಿಗೆ ರಾತ್ರಿ ಕಾವಲು ಅಂತ ಇದ್ದಿದ್ದು ಅದೊಂದೇ. ಬೀದಿಯವರು ಕೋಳಿ ಕರುಳಲ್ಲಿ ಮದ್ದಿಟ್ಟು ಕೆಂಚನನ್ನ ಮುಗಿಸೋಣ ಅಂತ ಮಾತಾಡ್ಕೊಂಡರು. ಹಂಗೆ ಮದ್ದಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧ. ಅದೂ ಅಲ್ಲದೆ, ಮದ್ದು ಇವನಿಗೆ ಅಂತ ಇಟ್ಟರೂ ತಿನ್ನೋದು ಯಾವುದೋ ನಾಯಿ, ಯಾವುದೋ ಕಾಗೆ. "ದೊಡ್ಡಪ್ಪಾ, ನೀವು ಬೇಡ ಅಂದ್ರೆ ಇದು ಉಳಿಯಲ್ಲ" ಅಂದ ಹುಡುಗ.

ನನ್ನ ತೋಟಕ್ಕೂ ಅಜ್ಜಿಯ ಗುಡಿಸಲಿಗೂ ನಡುವೆ ಒಂದೇ ಬೇಲಿ. ಅದಕ್ಕೇ ಮೊದಲು ಅವಳ ಹತ್ತಿರ ಹೋಗಿ ಕೇಳಿದೆ. ಅವಳು ಒಂದು ಹೊಸ ಮರಿ ತಂದು ಕಟ್ಟಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ನಾಯಿ ಸಾಯ್ಲಿ ಅನ್ನಲ್ಲಪ್ಪಾ. ನನ್ನ ನಾಯಿ ಬದುಕೋಕೂ ಜಾಗ ಇರ್ಲಿ" ಅಂದಳು. ಆವತ್ತಿನಿಂದ ನಾನು ಮಾಡಿದ್ದೆಲ್ಲ ಆ ಒಂದು ಮಾತಿಗಾಗಿ.

ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಕರ್ಕೊಂಡು ಹೋದೆ. ಕಿವಿನೋವು, ಹಲ್ಲುನೋವು, ಮೈಯೊಳಗೆ ಗಾಯ ಇದ್ದರೂ ನಾಯಿ ಸಿಡುಕ್ತದೆ, ಅದನ್ನ ನೋಡಿಸಬೇಕು. ಕೆಂಚನಿಗೆ ಅಂಥಾದ್ದೇನೂ ಇರಲಿಲ್ಲ. ಡಾಕ್ಟರು ವಿವರಿಸಿದರು: ಮರಿ ಮೂರು ವಾರದಿಂದ ಮೂರು ತಿಂಗಳೊಳಗೆ ಬೇರೆ ನಾಯಿ, ಬೇರೆ ಜನ, ಸದ್ದು, ಗಾಡಿ ಎಲ್ಲ ನೋಡಿ ಬೆಳೀಬೇಕು. ಆ ಕಾಲದಲ್ಲಿ ಒಂದೇ ಕಂಬಕ್ಕೆ ಕಟ್ಟಿ ಹಾಕಿದರೆ ದೊಡ್ಡದಾದ ಮೇಲೆ ಬೇರೆ ನಾಯಿ ಅಂದರೆ ಅದಕ್ಕೆ ಭಯ. ಭಯವೇ ಸಿಟ್ಟಾಗಿ ಹೊರಗೆ ಬರ್ತದೆ. ಬೀಜ ತೆಗೆಸಿದರೆ ಹೆಣ್ಣುನಾಯಿಗಾಗಿ ಅಲೆಯೋದು, ಗಂಡು ಗಂಡು ಕಾದಾಡೋದು ಕಡಿಮೆ ಆಗಬಹುದು, ಭಯದಿಂದ ಬಂದ ಸಿಟ್ಟು ಅದರಿಂದಲೇ ಹೋಗಲ್ಲ ಅಂತಲೂ ಹೇಳಿದರು. ತೆಗೆಸಿದೆ. ಅಲೆಯೋದು ನಿಂತಿತು, ಸಿಟ್ಟು ಹಂಗೇ ಉಳೀತು.

ಆಮೇಲೆ ಬೇಲಿ. ಮುಳ್ಳುಕಂಟಿ ಬೇಲಿ ನಾಯಿಗೆ ಬೇಲಿಯಲ್ಲ. ಮನೆ ಹಿಂದೆ ತೆಂಗಿನ ನೆರಳಲ್ಲಿ ಆಳೆತ್ತರ ತಂತಿಬಲೆ ಹಾಕಿಸಿ, ಕೆಳಗೆ ತೋಡದಂಗೆ ಕಲ್ಲು ಹೂಳಿದೆ. ಎರಡು ಬಾಗಿಲು ಇಡಿಸಿದೆ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯೋದು. ಅಜ್ಜಿಯ ಕಡೆ ಬೇಲಿಗೆ ತೆಂಗಿನ ಗರಿ ಹೆಣೆದು ಮರೆ ಕಟ್ಟಿದೆ, ಯಾಕೆಂದರೆ ದಿನಾ ಕಣ್ಣಿಗೆ ಬಿದ್ದು ದಿನಾ ಬೊಗಳಿದರೆ ಸಿಟ್ಟು ಅಭ್ಯಾಸವಾಗಿ ಬೆಳೀತದೆ. ಹಗಲೂ ರಾತ್ರಿ ಸರಪಳಿಯಲ್ಲಿ ಬಿಗಿಯೋದು ಮಾತ್ರ ಬೇಡ. ಬಿಗಿದಷ್ಟೂ ನಾಯಿ ಕೆಡ್ತದೆ. ಬಾಗಿಲಲ್ಲಿ "ನಾಯಿ ಉಂಟು, ಜಾಗ್ರತೆ" ಅಂತ ಬೋರ್ಡು ಹಾಕಿದ್ದೀನಿ. ಅದು ಮನುಷ್ಯರಿಗೆ ಸರಿ. ಬರೋ ನಾಯಿಗೆ ಓದೋಕೆ ಬರಲ್ಲ, ಅದಕ್ಕೇ ಬೇಲಿ.

ಹೊರಗೆ ಹೊರಟರೆ ಬಾಯಿಗೆ ಕುಕ್ಕೆ. ಕಣದಲ್ಲಿ ಎತ್ತಿಗೆ ಹಾಕ್ತಿದ್ದೆವಲ್ಲ, ಅದೇ ಲೆಕ್ಕ. ನಾಯಿಗೆ ತಂತಿಯದ್ದು ಸಿಗ್ತದೆ. ಅದರೊಳಗೆ ಬಾಯಿ ತೆರೆದು ತೇಕೋಕೆ, ನೀರು ಕುಡಿಯೋಕೆ ಜಾಗ ಇರಬೇಕು. ಬಟ್ಟೆಯಲ್ಲಿ ಬಾಯಿ ಬಿಗಿದು ಬಿಸಿಲಲ್ಲಿ ನಡೆಸಿದರೆ ನಾಯಿ ತೇಕೋಕಾಗದೆ ಸಾಯ್ತದೆ, ಅದರ ಮೈ ತಂಪಾಗೋದು ಹೆಚ್ಚಾಗಿ ತೇಕೋದರಿಂದಲೇ. ಮೊದಲ ದಿನವೇ ಕುಕ್ಕೆ ಕಟ್ಟಿಬಿಟ್ಟರೆ ಕಿತ್ತು ಬಿಸಾಕ್ತದೆ. ಬೇಯಿಸಿದ ಮೊಟ್ಟೆ ಚೂರನ್ನ ಕುಕ್ಕೆಯೊಳಗೆ ಇಟ್ಟು, ತಾನಾಗಿ ಮೂತಿ ತೂರಿಸಲಿ ಅಂತ ಹತ್ತು ಹನ್ನೆರಡು ದಿನ ಕಾದೆ. ಈಗ ಕುಕ್ಕೆ ಕಂಡರೆ ಬಾಲ ಆಡಿಸ್ತಾನೆ.

ಎಲ್ಲಕ್ಕಿಂತ ದೊಡ್ಡದು ದೂರ ತಿಳಿಯೋದು. ಕೋಲಾಟದಲ್ಲಿ ಕೋಲಿಗೆ ಕೋಲು ಬಡಿಯೋದು ಹತ್ತಿರ ಬಂದಾಗ ಮಾತ್ರ. ಒಂದು ಹೆಜ್ಜೆ ಹಿಂದೆ ಇಟ್ಟರೆ ಬಡಿತ ತಪ್ಪಿತು. ನಾಯಿಗೂ ಹಂಗೇ ಒಂದು ಹೆಜ್ಜೆ ಉಂಟು. ಮೂವತ್ತು ಮಾರು ದೂರದಲ್ಲಿ ಬೇರೆ ನಾಯಿ ಕಂಡರೆ ಕೆಂಚ ನೋಡಿ ಸುಮ್ಮನಾಗ್ತಿದ್ದ. ಇಪ್ಪತ್ತಕ್ಕೆ ಬಂದರೆ ಬಾಯಿ ಮುಚ್ಕೊಳ್ಳೋದು, ಮೈ ಮರಗಟ್ಟೋದು, ಬೆನ್ನಕೂದಲು ನಿಲ್ಲೋದು, ಬಾಲ ಸೆಟೆದು ರೆಪ್ಪೆ ಬಡಿಯದೆ ನೋಡೋದು. ಅದಾದ ಮೇಲೆ ಕೂಗಿದರೆ ಕಿವಿಗೆ ಬೀಳಲ್ಲ. ಅದಕ್ಕೆ ಮುಂಚೆಯೇ, ಮೂವತ್ತು ಮಾರಿನಲ್ಲೇ ನಿಂತು, ಬೇರೆ ನಾಯಿ ಕಂಡ ಕೂಡಲೇ ಒಂದು ಪದ ಎತ್ತುತ್ತೀನಿ. ಅವನು ನನ್ನ ಕಡೆ ತಿರುಗಿದರೆ ಒಂದು ಚೂರು ಒಣಮೀನು. ಆಮೇಲೆ ಇಬ್ಬರೂ ಬೇರೆ ದಾರಿ ಹಿಡೀತೀವಿ. ಹೊಡೆಯೋದಿಲ್ಲ. ಬೇರೆ ನಾಯಿ ಕಂಡಾಗಲೆಲ್ಲ ಏಟು ಬಿದ್ದರೆ, ಬೇರೆ ನಾಯಿ ಬಂದರೇ ಏಟು ಅಂತ ಅದರ ತಲೆಗೆ ಹೋಗಿ ಹಗೆ ಇನ್ನೂ ಜಾಸ್ತಿ ಆಗ್ತದೆ. ಮೂವತ್ತು ಮಾರು ಹದಿನೈದಕ್ಕೆ ಇಳಿಯೋಕೆ ಒಂದೂವರೆ ವರ್ಷ ಹಿಡೀತು. ಅಲ್ಲಿಗೇ ನಿಂತಿದೆ. ಅದಕ್ಕಿಂತ ಹತ್ತಿರ ನಾನೂ ಆಸೆ ಪಡಲ್ಲ.

ಇಷ್ಟೆಲ್ಲ ಇದ್ದೂ ಎರಡು ನಾಯಿ ಕಚ್ಚಿ ಹಿಡಿದರೆ ಏನು ಮಾಡೋದು? ಬಾಯಿಯ ಹತ್ತಿರ, ಕೊರಳಪಟ್ಟಿಯ ಹತ್ತಿರ ಕೈ ಹಾಕಬೇಡಿ, ಆ ಹೊತ್ತಿಗೆ ನಾಯಿಗೆ ಯಜಮಾನನ ಕೈ ಯಾವುದು ಅಂತ ಗೊತ್ತಾಗಲ್ಲ. ಮುಖಕ್ಕೆ ಒಂದು ಬಿಂದಿಗೆ ನೀರು ಎರಚಿ, ಇಲ್ಲ ಮೇಲೆ ಗೋಣಿಚೀಲ ಹಾಕಿ. ಆಗಲಿಲ್ಲ ಅಂದರೆ ಎರಡಕ್ಕೂ ಒಬ್ಬೊಬ್ಬರು ಹಿಂಗಾಲು ಹಿಡಿದು ಹಿಂದಕ್ಕೆ ಎಳೀಬೇಕು. ಬಿಟ್ಟ ಮೇಲೆ ಮತ್ತೆ ಸೇರದಂಗೆ ನಡುವೆ ಬಾಗಿಲು ಹಾಕಬೇಕು. ಹಲ್ಲಿನ ಗಾಯ ಮೇಲೆ ಸಣ್ಣ ತೂತಾಗಿ ಕಂಡರೂ ಒಳಗೆ ಆಳ ಇರ್ತದೆ, ಕೀವು ಕಟ್ಟುತ್ತದೆ. ಎರಡು ನಾಯಿಯನ್ನೂ ಡಾಕ್ಟರಿಗೆ ತೋರಿಸಿ, ಎರಡರ ಖರ್ಚೂ ಕಚ್ಚಿದ ನಾಯಿ ಸಾಕಿದವನೇ ಕೊಡೋದು ನ್ಯಾಯ.

ಮನುಷ್ಯರಿಗೆ ಹಲ್ಲು ತಗುಲಿದರೆ ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಬೇಡ. ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆವತ್ತೇ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ 14 ಸೂಜಿ ಅನ್ನೋ ಭಯ ಹಳೇ ಕಾಲದ್ದು, ಈಗ ತೋಳಿಗೇ ಹಾಕ್ತಾರೆ. ಹೇಳಿದ ದಿನ ಒಂದೂ ತಪ್ಪಿಸಬಾರದು. 1885ರಲ್ಲಿ ಪಾಶ್ಚರ್ ಅನ್ನೋ ಫ್ರಾನ್ಸಿನ ಪಂಡಿತರು ಈ ಸೂಜಿಯನ್ನ ಮೊದಲು ಒಬ್ಬ ಹುಡುಗನಿಗೆ ಹಾಕಿ ಉಳಿಸಿದರು. ಅವರ ಹೆಸರಿನ ಸಂಸ್ಥೆ ನಮ್ಮ ಕುನ್ನೂರಿನಲ್ಲಿ 1907ರಿಂದ ಐತೆ. ಹುಚ್ಚುನಾಯಿ ರೋಗ ಮೈಯಲ್ಲಿ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಅದಕ್ಕೆ ಮುಂಚೆ ಮಾತ್ರ ಉಂಟು. ಕಚ್ಚಾಡೋ ನಾಯಿಗೆ ವರ್ಷ ವರ್ಷ ಸೂಜಿ ಹಾಕಿಸದೆ ಇರೋದು ಬೀದಿಗೆಲ್ಲ ಬೆಂಕಿ ಇಟ್ಟಂಗೆ.

ಕಾನೂನೂ ಇದೆ. ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದಂಗೆ ನೋಡಿಕೊಳ್ಳದೆ ಉದಾಸೀನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲ 5000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಬೀದಿನಾಯಿ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಹೇಳಿದ್ದೂ ಇದೇ ದಾರಿ: ಬೀಜ ತೆಗೆಸಿ, ಸೂಜಿ ಹಾಕಿಸಿ ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದದ್ದನ್ನ, ಮೇಲೆ ಬೀಳೋದನ್ನ ಮಾತ್ರ ಬಿಡಬೇಡಿ ಅಂತ. ಬೀದಿನಾಯಿಗೆ ಯಜಮಾನ ಇಲ್ಲ, ಕೋರ್ಟು ಹೇಳಬೇಕಾಯಿತು. ಯಜಮಾನ ಇರೋ ನಾಯಿಗೆ ಕೋರ್ಟಿನವರೆಗೆ ಯಾಕೆ ಹೋಗಬೇಕು?

ಕಷ್ಟ ಬರೋದು ಹಬ್ಬದಲ್ಲಿ. ಮಾಟ್ಟು ಪೊಂಗಲ್ ದಿನ ಕಂಬದ ನಂದಗೋಪಾಲ ಸ್ವಾಮಿ ಗುಡಿಯ ದನದ ತೊಳುವಿಗೆ ಸುತ್ತಲಿನ ಜನವೆಲ್ಲ ಸೇರ್ತಾರೆ. ನಾನು ಅಲ್ಲಿ ಹಾಡಬೇಕು. ದಿಂಡುಕಲ್ಲು ಕಡೆ ನೆಂಟರ ಮದುವೆಗಳಿಗೂ ರಾತ್ರಿಯೆಲ್ಲ ಹಾಡೋಕೆ ಕರೀತಾರೆ. ನಾನಿಲ್ಲದ ಹೊತ್ತು ಕೆಂಚ ಬೇಲಿಯೊಳಗೇ. ನಮ್ಮನೆಯವಳಿಗೆ ಅವನನ್ನ ಎಳೆದು ಹಿಡಿಯೋ ಶಕ್ತಿ ಇಲ್ಲ, ಅದಕ್ಕೇ ಅವಳು ಹೊರಗೆ ಕರ್ಕೊಂಡು ಹೋಗೋದಿಲ್ಲ ಅಂತ ಮನೆಯಲ್ಲಿ ಕಟ್ಟಳೆ. ಹಿಡಿಯೋ ಶಕ್ತಿ ಇಲ್ಲದವರ ಕೈಗೆ, ಮಕ್ಕಳ ಕೈಗೆ ಇಂಥ ನಾಯಿಯ ಹಗ್ಗ ಕೊಡಬಾರದು. ಬೇಸಿಗೆಯಲ್ಲಿ ಹೊಲಕ್ಕೆ ಗೊಬ್ಬರಕ್ಕೆ ಅಂತ ಕುರಿಮಂದೆ ಕೂಡ್ತಾರೆ, ಮಂದೆ ಜೊತೆ ನಾಲ್ಕೈದು ನಾಯಿ ಬರ್ತಾವೆ. ಕುರಿಯವರಿಗೆ ಮುಂಚೇನೇ ಫೋನು ಮಾಡಿ, "ಅಣ್ಣಾ, ಬೆಳಗಿನ ಜಾವ ಐದರಿಂದ ಆರು ನನ್ನ ಹೊತ್ತು, ಆಮೇಲೆ ದಾರಿ ನಿಮ್ಮದು" ಅಂತ ಹೇಳಿಬಿಡ್ತೀನಿ. ದ್ರಾಕ್ಷಿ ಗೊನೆ ಕೊಯ್ಯೋ ಹೆಂಗಸರಿಗೂ ಹಿಂದಿನ ದಿನವೇ ಹೇಳ್ತೀನಿ. ನಮ್ಮ ನಾಯಿಗೆ ಈ ಗುಣ ಐತೆ ಅಂತ ಹೇಳಿಕೊಳ್ಳೋಕೆ ಜನ ನಾಚ್ತಾರೆ. ನಾಲ್ಕು ಜನಕ್ಕೆ ಹೇಳಿದರೆ ನಾಲ್ಕು ಜನ ಕಾಯ್ತಾರೆ.

"ನಿನ್ನ ಕೊಂಬೈಯನ್ನ ನನ್ನ ರಾಜಪಾಳಯಂ ಜೊತೆ ಬಿಟ್ಟು ನೋಡೋಣ, ಯಾವುದು ಗಂಡು ಅಂತ" ಅಂದವರೂ ಉಂಟು. ಅವರಿಗೆ ನಾನು ಕಾಫಿ ಕೊಟ್ಟು ಕಳಿಸ್ತೀನಿ. ನಾಯಿ ಹಲ್ಲಿನಲ್ಲಿ ತನ್ನ ಗಂಡಸುತನ ತೋರಿಸೋ ಮನುಷ್ಯನ ಹತ್ತಿರ ವಾದ ಮಾಡಿ ಫಲವಿಲ್ಲ. ನಾಯಿ ಕಾಳಗವೂ 1960ರ ಕಾನೂನಿನಲ್ಲಿ ಅಪರಾಧವೇ.

ಕೆಂಚನಿಗೆ ಈಗ ಏಳು ವರ್ಷ. ಮೂತಿಯ ಕಪ್ಪು ನರೆಯೋಕೆ ಶುರುವಾಗಿದೆ. ನನ್ನ ವಯಸ್ಸೂ ಅರವತ್ತು ದಾಟಿದೆ, ಯಾರು ಮೊದಲೋ ಗೊತ್ತಿಲ್ಲ. ಮೊಮ್ಮಗನಿಗೆ ಹದಿನೆಂಟು ತುಂಬಿದ ಮೇಲೆ ಕುಕ್ಕೆ ಕಟ್ಟೋದು, ಎರಡು ಬಾಗಿಲ ಲೆಕ್ಕ, ಹದಿನೈದು ಮಾರಿನ ಲೆಕ್ಕ ಎಲ್ಲ ಕಲಿಸಿದ್ದೀನಿ. ಪದ ಮಾತ್ರ ಅವನಿಗೆ ಸರಿಯಾಗಿ ಎತ್ತೋಕೆ ಬರಲ್ಲ, ಸಿಳ್ಳೆ ಹಾಕ್ತಾನೆ. ಕೆಂಚ ಅದಕ್ಕೂ ತಿರುಗ್ತಾನೆ. ಅಜ್ಜಿಯ ನಾಯಿಗೂ ನಾಲ್ಕು ವರ್ಷ ಆಯಿತು, ಮೈಮೇಲೆ ಒಂದು ಗೀರಿಲ್ಲ. ರಾತ್ರಿ ಅದು ಆ ಕಡೆ ಬೊಗಳಿದರೆ ಇವನು ಈ ಕಡೆ ಬೊಗಳ್ತಾನೆ, ಕಾಡುಹಂದಿ ಎರಡು ತೋಟಕ್ಕೂ ಬರಲ್ಲ.